ಸಿಮ್ಯುಲೇಟರ್‌ನಲ್ಲಿ ರಾತ್ರಿ ಕ್ಯಾರಿಯರ್ ಲ್ಯಾಂಡಿಂಗ್: ಮೂರು ಮೈಲಿಯಿಂದ ಹಿಂದಕ್ಕೆ ಕಲಿತ ಬಗೆ

ರಾತ್ರಿಯಲ್ಲಿ ವಿಮಾನವಾಹಕ ನೌಕೆಯ ಮೇಲೆ ಇಳಿಯುವುದು ಕೈಚಳಕಕ್ಕಿಂತ ಹೆಚ್ಚಾಗಿ ಶಿಸ್ತಿನ ಕೆಲಸ. ಡೆಕ್‌ನ ಹತ್ತಿರ ಬಂದಮೇಲೆ ಸರಿಮಾಡಿಕೊಳ್ಳೋಣ ಎಂದುಕೊಂಡರೆ ಆಗುವುದಿಲ್ಲ. ಮೂರು ನಾಟಿಕಲ್ ಮೈಲಿ ದೂರದಲ್ಲಿ ವಿಮಾನ 1200 ಅಡಿಯಲ್ಲಿ, ಟ್ರಿಮ್ ಆಗಿ (ಕೋಲು ಬಿಟ್ಟರೂ ಅದೇ ಭಂಗಿಯಲ್ಲಿ ಹಾರುವಂತೆ ಹೊಂದಿಸಿ), ಇಳಿಯುವ ಡೆಕ್‌ನ ನಡುಗೆರೆಯ ಮೇಲೆ ಸ್ಥಿರವಾಗಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ. ಹಾಗಾಗಿ ನಾನು ಅಭ್ಯಾಸವನ್ನು ಅಲ್ಲಿಂದಲೇ ಶುರುಮಾಡಿ ಹಿಂದಕ್ಕೆ ಹೋದೆ. ಇಲ್ಲಿ ಹೇಳುವುದೆಲ್ಲ ಡಿಸಿಎಸ್ ವರ್ಲ್ಡ್ ಎಂಬ ಸಿಮ್ಯುಲೇಟರ್‌ನ ಎಫ್/ಎ-18ಸಿ ಹಾರ್ನೆಟ್ ಯುದ್ಧವಿಮಾನ ಮತ್ತು ನೌಕೆಯ ಸೂಪರ್‌ಕ್ಯಾರಿಯರ್ ಮಾಡ್ಯೂಲ್‌ಗೆ ಹೊಂದುವಂಥದ್ದು.

ಮಿಷನ್ ಎಡಿಟರ್‌ನಲ್ಲಿ ಮೊದಲು ನೌಕೆಯನ್ನು ನೇರ ದಾರಿಯಲ್ಲಿ ಬಿಡಬೇಕು. ಮಧ್ಯದಲ್ಲಿ ತಿರುವು ಬೇಡ. ನೌಕೆಯ ವೇಗವೂ ಎದುರುಗಾಳಿಯೂ ಸೇರಿ ಡೆಕ್ ಮೇಲೆ ಸುಮಾರು 25 ನಾಟ್ ಗಾಳಿ ಸಿಗುವಂತೆ ನಾನು ಇಡುತ್ತೇನೆ: ನೌಕೆ 20, ಗಾಳಿ 5. ಇಳಿಯುವ ಡೆಕ್ ನೌಕೆಯ ದಿಕ್ಕಿಗಿಂತ ಸುಮಾರು 9 ಡಿಗ್ರಿ ಎಡಕ್ಕೆ ಓರೆಯಾಗಿರುತ್ತದೆ. ನೌಕೆ 360ರಲ್ಲಿ ಸಾಗುತ್ತಿದ್ದರೆ ಫೈನಲ್ ಬೇರಿಂಗ್, ಅಂದರೆ ಇಳಿಯಲು ಹಿಡಿಯಬೇಕಾದ ದಿಕ್ಕು, 351. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲೇ. ಎಡಿಟರ್ ತೋರಿಸುವುದು ನಿಜ ಉತ್ತರದ ಲೆಕ್ಕ, ಕಾಕ್‌ಪಿಟ್ ತೋರಿಸುವುದು ಕಾಂತೀಯ ಉತ್ತರದ ಲೆಕ್ಕ. ಕಾಕಸಸ್ ನಕ್ಷೆಯಲ್ಲಿ ಇವೆರಡರ ನಡುವೆ 6-7 ಡಿಗ್ರಿ ವ್ಯತ್ಯಾಸವಿದೆ. ಅದನ್ನು ಕಳೆಯದೆ ಕೋರ್ಸ್ ಲೈನ್ ಇಟ್ಟರೆ ವಿಮಾನ ಕೊನೆಯವರೆಗೂ ಒಂದು ಪಕ್ಕದಲ್ಲೇ ಉಳಿಯುತ್ತದೆ.

ಇಂಧನವನ್ನು ಪ್ರತಿ ಸಲವೂ ಅಷ್ಟೇ ಇಡಿ. ಚೆಕ್‌ಲಿಸ್ಟ್ ಪುಟದಲ್ಲಿ ಒಟ್ಟು ತೂಕ 33,000 ಪೌಂಡ್‌ಗಿಂತ ಕೆಳಗಿರಲಿ. ತೂಕ ಬದಲಾದರೆ ಇಳಿಯುವ ವೇಗ ಬದಲಾಗುತ್ತದೆ, ಥ್ರಾಟಲ್ ಎಲ್ಲಿ ನಿಲ್ಲಬೇಕು ಎಂಬ ಕೈಯ ನೆನಪೂ ಕೆಡುತ್ತದೆ. ಜಾಯ್‌ಸ್ಟಿಕ್‌ನ ಪಿಚ್‌ಗೆ 15ರಷ್ಟು ಕರ್ವ್ (ನಡುವಿನಲ್ಲಿ ಕೋಲಿನ ಸ್ಪಂದನೆ ಮೆತ್ತಗಾಗುವ ಹೊಂದಿಕೆ) ಸಾಕು. ಥ್ರಾಟಲ್‌ಗೆ ಕರ್ವ್ ಬೇಡ, ಡೆಡ್‌ಝೋನ್ (ಅಲುಗಿಸಿದರೂ ಪ್ರತಿಕ್ರಿಯೆ ಇಲ್ಲದ ಭಾಗ) ಬೇಡವೇ ಬೇಡ. ಕೋಣೆಯ ದೀಪ ಆರಿಸಿ, ಹಡ್ ಅನ್ನು (ಕಣ್ಣೆದುರಿನ ಗಾಜಿನ ಮೇಲೆ ಹಾರಾಟದ ಅಂಕಿಗಳನ್ನು ತೋರಿಸುವ ಸಾಧನ) ರಾತ್ರಿ ಸ್ಥಿತಿಗೆ ತಿರುಗಿಸಿ, ಎರಡೂ ಡಿಸ್‌ಪ್ಲೇಗಳ ಬೆಳಕನ್ನು ಓದಲು ಆಗುವಷ್ಟಕ್ಕೇ ಇಳಿಸಿ. ಹಡ್ ಹೆಚ್ಚು ಬೆಳಗಿದರೆ ಅದರ ಹಸಿರಿನ ಹಿಂದೆ ಮೀಟ್‌ಬಾಲ್, ಅಂದರೆ ಇಳಿಯುವ ದಾರಿಗಿಂತ ಮೇಲಿದ್ದೀರೋ ಕೆಳಗಿದ್ದೀರೋ ತೋರಿಸುವ ನೌಕೆಯ ದೀಪ, ಮುಚ್ಚಿಹೋಗುತ್ತದೆ. ಮಾನಿಟರ್‌ನ ಗಾಮಾ ಏರಿಸಿ ಸಮುದ್ರವನ್ನು ಬೂದು ಬಣ್ಣಕ್ಕೆ ತಂದುಕೊಂಡು ಅಭ್ಯಾಸ ಮಾಡುವುದನ್ನು ನಾನು ಒಪ್ಪುವುದಿಲ್ಲ; ಕತ್ತಲೆಯೇ ಇಲ್ಲಿ ಪಾಠ.

ಮೊದಲ ಹಂತಕ್ಕೆ ವಿಮಾನವನ್ನು ಆಕಾಶದಲ್ಲೇ, ನೌಕೆಯಿಂದ 5 ಮೈಲಿ ಹಿಂದೆ, 1200 ಅಡಿಯಲ್ಲಿ ಇಟ್ಟು ಶುರುಮಾಡಬೇಕು. ಗೇರ್ (ಚಕ್ರಗಳು), ಪೂರ್ಣ ಫ್ಲ್ಯಾಪ್, ಡೆಕ್‌ನ ವೈರ್ ಹಿಡಿಯುವ ಹುಕ್ ಇಳಿಸಿ ಆಂಗಲ್ ಆಫ್ ಅಟ್ಯಾಕ್ (ಎದುರಿನ ಗಾಳಿಗೆ ರೆಕ್ಕೆ ಮಾಡುವ ಕೋನ) 8.1 ಡಿಗ್ರಿಗೆ ಟ್ರಿಮ್ ಮಾಡಿ. ಹಡ್‌ನ ಪಕ್ಕದ ಇಂಡೆಕ್ಸರ್ ದೀಪದಲ್ಲಿ ಹಳದಿ ವೃತ್ತ ಬಂದರೆ ಸರಿ. ಮೇಲಿನ ಹಸಿರು ಬಾಣ ನಿಧಾನವಾಗಿದ್ದೀರಿ ಎಂದೂ ಕೆಳಗಿನ ಕೆಂಪು ಬಾಣ ವೇಗ ಹೆಚ್ಚಾಗಿದೆ ಎಂದೂ ಹೇಳುತ್ತವೆ. ದೀಪ ಮಿನುಗುತ್ತಿದ್ದರೆ ಹುಕ್ ಮೇಲೇ ಇದೆ. ಟ್ರಿಮ್ ಆದಮೇಲೆ ಎತ್ತರವನ್ನು ಥ್ರಾಟಲ್‌ನಿಂದ ಮಾತ್ರ ನೋಡಿಕೊಳ್ಳಬೇಕು. ಕೋಲನ್ನು ಎಳೆದು ಎತ್ತರ ಹಿಡಿಯುವ ಅಭ್ಯಾಸ ಹಗಲಿನಲ್ಲಿ ಹೇಗೋ ನಡೆದುಹೋಗುತ್ತದೆ, ರಾತ್ರಿ ನಡೆಯುವುದಿಲ್ಲ.

3 ಮೈಲಿಯ ಹತ್ತಿರ ಐಸಿಎಲ್‌ಎಸ್‌ನ (ನೌಕೆಯ ಸಂಕೇತ ಹಿಡಿದು ಇಳಿಯುವ ದಾರಿ ತೋರಿಸುವ ವ್ಯವಸ್ಥೆ) ಅಡ್ಡ ಸೂಜಿ ಮೇಲಿನಿಂದ ಇಳಿದು ಮಧ್ಯಕ್ಕೆ ಬರುತ್ತದೆ. ಆಗ ಥ್ರಾಟಲ್ ಸ್ವಲ್ಪ ಹಿಂದೆ. ಇಳಿಯುವ ದಾರಿ ಡೆಕ್‌ಗೆ ಸಂಬಂಧಿಸಿದಂತೆ 3.5 ಡಿಗ್ರಿಯಾದರೂ ವೆಲಾಸಿಟಿ ವೆಕ್ಟರ್ ಅನ್ನು (ವಿಮಾನ ನಿಜವಾಗಿ ಸಾಗುತ್ತಿರುವ ದಿಕ್ಕಿನ ಗುರುತು) ಹಡ್‌ನಲ್ಲಿ 3.5ರ ಮೇಲೆ ಇಡಬಾರದು. ನೌಕೆ ಮುಂದಕ್ಕೆ ಓಡುತ್ತಿರುವುದರಿಂದ ಅದು 3ರ ಆಸುಪಾಸಿನಲ್ಲಿರಬೇಕು, ಇಳಿಯುವ ದರ ನಿಮಿಷಕ್ಕೆ ಸುಮಾರು 700 ಅಡಿ. 2 ಮೈಲಿಯಲ್ಲಿ 800 ಅಡಿ, 1 ಮೈಲಿಯಲ್ಲಿ 440ರ ಹತ್ತಿರ ಎಂಬುದು ನಾನು ತಲೆಯಲ್ಲಿ ಇಟ್ಟುಕೊಳ್ಳುವ ಲೆಕ್ಕ.

ಮುಕ್ಕಾಲು ಮೈಲಿಗೆ ಬಂದಾಗ ಕಣ್ಣು ಸೂಜಿಗಳನ್ನು ಬಿಟ್ಟು ಹೊರಗೆ ಹೋಗಬೇಕು, ಮತ್ತೆ ಒಳಗೆ ಬರಬಾರದು. "203, ಹಾರ್ನೆಟ್, ಬಾಲ್, 5.2" ಎಂದು ರೇಡಿಯೋದಲ್ಲಿ ಹೇಳುವುದು ಇಲ್ಲಿ: ಮೊದಲನೆಯದು ವಿಮಾನದ ಸಂಖ್ಯೆ, ಬಾಲ್ ಎಂದರೆ ಮೀಟ್‌ಬಾಲ್ ಕಂಡಿದೆ ಎಂದು, ಕೊನೆಯ ಅಂಕೆ ಉಳಿದ ಇಂಧನ, ಸಾವಿರ ಪೌಂಡ್‌ಗಳಲ್ಲಿ. ಇಲ್ಲಿಂದಾಚೆಗೆ ಮೀಟ್‌ಬಾಲ್, ನಡುಗೆರೆ, ಆಂಗಲ್ ಆಫ್ ಅಟ್ಯಾಕ್, ಈ ಮೂರನ್ನೇ ಸುತ್ತುತ್ತಿರಬೇಕು. ಮೀಟ್‌ಬಾಲ್ ತೋರಿಸುವ ಲೆನ್ಸ್‌ನ ಬೆಳಕು ಮೇಲಿಂದ ಕೆಳಕ್ಕೆ ಸುಮಾರು 1.7 ಡಿಗ್ರಿ ಮಾತ್ರ ಹರಡಿದೆ. ಮುಕ್ಕಾಲು ಮೈಲಿಯಲ್ಲಿ ಅದು 135 ಅಡಿ ಎತ್ತರದ ಪಟ್ಟಿ. ಲೆನ್ಸ್‌ನಿಂದ 500 ಅಡಿಯಲ್ಲಿ ಬರೀ 15 ಅಡಿ. ದೂರದಲ್ಲಿ ಬಾಲ್ ಅಲುಗಿತೆಂದರೆ ಆಗಲೇ ಸಾಕಷ್ಟು ತಪ್ಪಿದ್ದೀರಿ. ಹತ್ತಿರದಲ್ಲಿ ಅಷ್ಟೇ ಅಲುಗಿದರೆ ತಪ್ಪಿರುವುದು ಒಂದೆರಡು ಅಡಿ. ದೊಡ್ಡದಾಗಿ ತಿದ್ದಲು ಹೋಗಬೇಡಿ.

ಪ್ರತಿ ತಿದ್ದುಪಡಿಗೂ ಥ್ರಾಟಲ್‌ನ ಮೂರು ಚಲನೆ ಬೇಕು. ಬಾಲ್ ಕೆಳಗಿದ್ದರೆ ಶಕ್ತಿ ಕೊಡಿ. ಬಾಲ್ ಏರಲು ಶುರುವಾದ ಕೂಡಲೇ, ಮಧ್ಯಕ್ಕೆ ಬರುವ ಮೊದಲೇ, ಕೊಟ್ಟದ್ದಕ್ಕಿಂತ ತುಸು ಹೆಚ್ಚು ತೆಗೆಯಿರಿ. ಬಾಲ್ ನಿಂತಾಗ ಮತ್ತೆ ಸ್ವಲ್ಪ ಸೇರಿಸಿ. ಮೂರನೆಯದನ್ನು ಮರೆತರೆ ವಿಮಾನ ಡೆಕ್‌ನ ಹಿಂಭಾಗದ ಮೇಲೆ ಕುಸಿಯುತ್ತದೆ. ಎಂಜಿನ್ ತಡವಾಗಿ ಪ್ರತಿಕ್ರಿಯಿಸುವುದರಿಂದ ಬಾಲ್ ನಿಂತ ಮೇಲೆ ಯೋಚಿಸಲು ಹೊತ್ತಿಲ್ಲ.

ನಡುಗೆರೆಯ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು. ಓರೆ ಡೆಕ್‌ನಿಂದಾಗಿ ಇಳಿಯುವ ಗೆರೆ ಸದಾ ಬಲಕ್ಕೆ ಜಾರುತ್ತಿರುತ್ತದೆ. ನೌಕೆ 20 ನಾಟ್ ವೇಗದಲ್ಲಿದ್ದರೆ ಕೊನೆಯ ಮುಕ್ಕಾಲು ಮೈಲಿಗೆ ಬೇಕಾಗುವ 25 ಸೆಕೆಂಡ್‌ಗಳಲ್ಲಿ ಗೆರೆ 40 ಮೀಟರ್ ಬಲಕ್ಕೆ ಸರಿಯುತ್ತದೆ. ಅದಕ್ಕೇ ಒಂದು ದೊಡ್ಡ ತಿರುವಿನ ಬದಲು ಬಲಕ್ಕೆ ಪದೇ ಪದೇ ಪುಟ್ಟ ತಿದ್ದುಪಡಿ. ನೌಕೆಯ ಹಿಂತುದಿಯಿಂದ ಕೆಳಕ್ಕೆ ತೂಗುವ ಕೆಂಪು ದೀಪಗಳ ಸಾಲು ಇದಕ್ಕೆ ಒಳ್ಳೆಯ ಆಧಾರ: ಅದೂ ಡೆಕ್‌ನ ನಡುಗೆರೆಯೂ ಒಂದೇ ನೇರದಲ್ಲಿ ಕಂಡರೆ ಸರಿ. ಡೆಕ್ ಗೆರೆ ಎಡಕ್ಕೆ ಬಾಗಿ ಕಂಡರೆ ನೀವು ಎಡದಲ್ಲಿದ್ದೀರಿ, ಬಲಕ್ಕೆ ಬನ್ನಿ. ಬಾಗಿಸಿದಾಗಲೆಲ್ಲ ರೆಕ್ಕೆಯ ಎತ್ತುವ ಬಲ ಇಳಿಯುತ್ತದೆ, ಜೊತೆಗೆ ಥ್ರಾಟಲ್ ಒಂದು ಚೂರು ಮುಂದೆ ಹೋಗಬೇಕು.

ಚಕ್ರ ತಾಗಿದ ಕೂಡಲೇ ಪೂರ್ಣ ಶಕ್ತಿ. ವೈರ್ ಹಿಡಿಯಿತೋ ಇಲ್ಲವೋ ಎಂದು ಕಾಯಬಾರದು. ಹುಕ್ ತಪ್ಪಿದರೆ ನೇರವಾಗಿ 1200 ಅಡಿಗೆ ಏರಿ ಮತ್ತೆ ಸುತ್ತು ಬನ್ನಿ. ಏರುವಾಗ ದಿಗಂತ ಕಾಣದು, ಕಣ್ಣು ಹಡ್‌ನ ಎತ್ತರದ ಮೇಲೆಯೇ ಇರಲಿ.

ಇದು ಹತ್ತರಲ್ಲಿ ಎಂಟು ಸಲ ಸರಿಬಂದ ಮೇಲೆ ಹಿಂದಿನ ಹಂತ: ನೌಕೆಯ ಹಿಂದೆ 21 ಮೈಲಿಯಲ್ಲಿ 6000 ಅಡಿಯ ಮಾರ್ಷಲ್, ಅಂದರೆ ಸರದಿಗಾಗಿ ಸುತ್ತುತ್ತ ಕಾಯುವ ಜಾಗ. ದೂರದಿಂದ 15 ಕಳೆದರೆ ಸಾವಿರ ಅಡಿಗಳಲ್ಲಿ ನಿಮ್ಮ ಎತ್ತರ. ಸುತ್ತು ಎಡಗೈಯದು, 6 ನಿಮಿಷದ್ದು, 250 ನಾಟ್. ಹೊರಡುವ ಹೊತ್ತು ಸೆಕೆಂಡಿನ ಲೆಕ್ಕದಲ್ಲಿ ಕೂಡಿಬರಬೇಕು, ಏಕೆಂದರೆ ವಿಮಾನಗಳ ನಡುವೆ ಒಂದೇ ನಿಮಿಷದ ಅಂತರ. ನಿಮಿಷಕ್ಕೆ 4000 ಅಡಿಯಂತೆ ಇಳಿದು 5000ದಲ್ಲಿ "ಪ್ಲಾಟ್‌ಫಾರ್ಮ್" ಹೇಳಿ, ಅಲ್ಲಿಂದ ಇಳಿಯುವ ದರವನ್ನು ನಿಮಿಷಕ್ಕೆ 2000ಕ್ಕೆ ತಗ್ಗಿಸಿ 1200 ಅಡಿ ಎತ್ತರದಲ್ಲಿ ಸಮವಾಗಬೇಕು. ಈ ತಗ್ಗಿಸುವುದನ್ನು ಮರೆತವರು ಸಮುದ್ರಕ್ಕೇ ಹೋಗುತ್ತಾರೆ. ರೇಡಾರ್ ಆಲ್ಟಿಮೀಟರ್‌ನ ಎಚ್ಚರಿಕೆಯನ್ನು ಮೊದಲು 5000ಕ್ಕೆ, ಆಮೇಲೆ 1000ಕ್ಕೆ ಇಡುವುದು ಅದಕ್ಕಾಗಿಯೇ. 10ರಿಂದ 8 ಮೈಲಿಯೊಳಗೆ ಗೇರ್, ಫ್ಲ್ಯಾಪ್. 6 ಮೈಲಿಯ ಹೊತ್ತಿಗೆ ಇಳಿಯುವ ವೇಗ.

ಪ್ರತಿ ಸರಣಿಯ ನಂತರ, ಹಾರಾಟದ ದಾಖಲೆಯನ್ನು ಮತ್ತೆ ತೋರಿಸುವ ಟ್ಯಾಕ್‌ವ್ಯೂ ತಂತ್ರಾಂಶದಲ್ಲಿ ಕೊನೆಯ 3 ಮೈಲಿಯನ್ನು ಮಾತ್ರ ತೆರೆದು ನೋಡಿ. ಎಷ್ಟನೇ ವೈರ್ ಹಿಡಿದಿರಿ ಎಂಬುದಕ್ಕಿಂತ ಆಂಗಲ್ ಆಫ್ ಅಟ್ಯಾಕ್ ಎಲ್ಲಿ ಮೊದಲು ಅಲುಗಿತು ಎಂದು ಹುಡುಕಿ, ಮುಂದಿನ ಸಲ ಆ ಜಾಗಕ್ಕಿಂತ ಅರ್ಧ ಮೈಲಿ ಹಿಂದಿನಿಂದ ಶುರುಮಾಡಿ.