ಸೊನ್ನೆಯನ್ನು ನಂಬಿ ಮೋಸಹೋದದ್ದು: ಸರ್ವರಿನಲ್ಲಿ ಕ್ಲ್ಯಾಮ್‌ಎವಿ ನಡೆಸಿದ ನನ್ನ ಅನುಭವ

ನಾನು ನೋಡಿಕೊಳ್ಳುವ ಸರ್ವರ್ ಒಂದು ಮುದ್ರಣಾಲಯದ್ದು. ಗ್ರಾಹಕರು ಲಗ್ನಪತ್ರಿಕೆ, ಸ್ಮರಣ ಸಂಚಿಕೆಗಳ ಫೈಲುಗಳನ್ನು ಫಾಂಟುಗಳ ಸಮೇತ ಜಿಪ್ ಮಾಡಿ ಅದಕ್ಕೆ ಅಪ್‌ಲೋಡ್ ಮಾಡುತ್ತಾರೆ. ಅಲ್ಲಿಂದ ಅವು ವಿಂಡೋಸ್ ಇರುವ ಡಿಟಿಪಿ ಕಂಪ್ಯೂಟರುಗಳಿಗೆ ಹೋಗುತ್ತವೆ. ಸರ್ವರಿನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್‌ನ ಉಬುಂಟು ಆದ್ದರಿಂದ, ಅದಕ್ಕೇ ವೈರಸ್ ತಗಲೀತೆಂಬ ಭಯಕ್ಕಿಂತ ಅದರ ಮೂಲಕ ವೈರಸ್ ದಾಟಿಹೋದೀತೆಂಬ ಭಯವೇ ನನಗೆ ಹೆಚ್ಚಾಗಿತ್ತು. ದೂರದಿಂದಲೇ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಕಮಾಂಡ್ ಕೊಟ್ಟೇ ಎಲ್ಲವನ್ನೂ ಮಾಡಬೇಕಾದ ಯಂತ್ರವದು. ಹಾಗಾಗಿ ವೈರಸ್ ಹುಡುಕುವ ಮುಕ್ತ ತಂತ್ರಾಂಶವಾದ ಕ್ಲ್ಯಾಮ್‌ಎವಿಯನ್ನು ಆರಿಸಿಕೊಂಡೆ.

ಅದನ್ನು ಇನ್‌ಸ್ಟಾಲ್ ಮಾಡುವುದು ಐದು ನಿಮಿಷದ ಕೆಲಸ. ವೈರಸ್ ಗುರುತುಗಳನ್ನು ತರುವ ಫ್ರೆಶ್‌ಕ್ಲ್ಯಾಮನ್ನು ನಾನೇ ಚಲಾಯಿಸಲು ಹೋದಾಗ, ಲಾಗ್ ಫೈಲನ್ನು ಬೇರೊಂದು ಪ್ರಕ್ರಿಯೆ ಹಿಡಿದಿಟ್ಟುಕೊಂಡಿದೆ ಎಂಬ ದೋಷ ಬಂತು. ಫ್ರೆಶ್‌ಕ್ಲ್ಯಾಮ್ ಆಗಲೇ ಹಿನ್ನೆಲೆಯಲ್ಲಿ ತಾನಾಗಿಯೇ ಓಡುತ್ತಿತ್ತಷ್ಟೇ.

ನಿಜವಾದ ತೊಂದರೆ ಕಾಣಿಸಿಕೊಂಡದ್ದು ಮರುದಿನ ಬೆಳಿಗ್ಗೆ. ರಾತ್ರಿ ಎರಡಕ್ಕೆ, ನಿಗದಿತ ಹೊತ್ತಿಗೆ ಕೆಲಸ ಶುರುಮಾಡುವ ಕ್ರಾನ್ ಮೂಲಕ, ಕ್ಲ್ಯಾಮ್‌ಎವಿಯ ಸ್ಕ್ಯಾನ್ ಕಮಾಂಡ್ ಆದ ಕ್ಲ್ಯಾಮ್‌ಸ್ಕ್ಯಾನ್ ಓಡುವಂತೆ ಇಟ್ಟು ಮಲಗಿದ್ದೆ. ಎದ್ದು ನೋಡಿದರೆ ಜಾಲತಾಣವೇ ನಿಂತುಹೋಗಿತ್ತು. ಕ್ಲ್ಯಾಮ್‌ಸ್ಕ್ಯಾನ್ ಪ್ರತಿ ಸಲ ಓಡುವಾಗಲೂ ಗುರುತುಗಳ ಇಡೀ ಭಂಡಾರವನ್ನು ಮೆಮೊರಿಗೆ ತುಂಬಿಕೊಳ್ಳುತ್ತದೆ, ಅದಕ್ಕೆ 1 ಜಿಬಿಗೂ ಹೆಚ್ಚು ಬೇಕು. ನನ್ನ ಸರ್ವರಿನಲ್ಲಿದ್ದದ್ದೇ 2 ಜಿಬಿ. ಮೆಮೊರಿ ಸಾಲದೆ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಜಾಲತಾಣದ ಡೇಟಾಬೇಸನ್ನೇ ಕೊಂದುಹಾಕಿತ್ತು. ಕೆಲಸದ ಆದ್ಯತೆ ತಗ್ಗಿಸುವ ನೈಸ್, ಅಯೊನೈಸ್ ಕಮಾಂಡುಗಳನ್ನು ಹಾಕಿದರೆ ಪ್ರೊಸೆಸರ್ ಮತ್ತು ಡಿಸ್ಕಿನ ಮೇಲಿನ ಹೊರೆ ತಗ್ಗುತ್ತದೆಯೇ ಹೊರತು ಮೆಮೊರಿಯ ಹಸಿವು ತಗ್ಗುವುದಿಲ್ಲ. ಕೊನೆಗೆ 4 ಜಿಬಿ ಮಾಡಿಸಿ, ಭಂಡಾರವನ್ನು ಸದಾ ಮೆಮೊರಿಯಲ್ಲಿಟ್ಟುಕೊಳ್ಳುವ ಕ್ಲ್ಯಾಮ್‌ಡಿಗೆ ಬದಲಾಯಿಸಿಕೊಂಡೆ. ಹೊಸ ಗುರುತುಗಳು ಬಂದಾಗ ಅದು ಹಳೆಯದನ್ನೂ ಹೊಸದನ್ನೂ ಸ್ವಲ್ಪ ಹೊತ್ತು ಒಟ್ಟಿಗೇ ಇಟ್ಟುಕೊಳ್ಳುತ್ತದೆಂದು ತಿಳಿದ ಮೇಲೆ, ಕನ್‌ಕರೆಂಟ್‌ಡೇಟಾಬೇಸ್‌ರೀಲೋಡ್ ಎಂಬುದಕ್ಕೆ ‘ನೋ’ ಎಂದು ಬರೆದೆ.

ಆಮೇಲೆ ಮೂರು ವಾರ ಪ್ರತಿದಿನವೂ ‘ಇನ್‌ಫೆಕ್ಟೆಡ್ ಫೈಲ್ಸ್: 0’ ಎಂಬ ಮೇಲ್ ಬರುತ್ತಿತ್ತು. ಒಂದು ದಿನ ಅನುಮಾನ ಬಂದು, ಕ್ಲ್ಯಾಮ್‌ಡಿಗೆ ಸ್ಕ್ಯಾನ್ ಮಾಡಲು ಹೇಳುವ ಕ್ಲ್ಯಾಮ್‌ಡಿಸ್ಕ್ಯಾನನ್ನು ಕೈಯಾರೆ ಓಡಿಸಿದಾಗ, ಒಂದೊಂದು ಫೈಲಿನ ಮುಂದೆಯೂ ‘ಪರ್ಮಿಶನ್ ಡಿನೈಡ್’ ಎಂಬ ಸಾಲು ಉರುಳತೊಡಗಿತು. ಕ್ಲ್ಯಾಮ್‌ಡಿ ಓಡುವುದು ಕ್ಲ್ಯಾಮ್‌ಎವಿ ಎಂಬ ಬಳಕೆದಾರನ ಹೆಸರಿನಲ್ಲಿ; ಗ್ರಾಹಕರ ಫೈಲುಗಳಿದ್ದದ್ದು ವೆಬ್ ಸರ್ವರಿನ ಒಡೆತನದಲ್ಲಿ, 600 ಅನುಮತಿಯೊಂದಿಗೆ, ಅಂದರೆ ಬೇರೆ ಸಾಮಾನ್ಯ ಬಳಕೆದಾರರು ಓದಲಾಗದಂತೆ. ಒಂದು ಫೈಲನ್ನೂ ತೆರೆಯದೆಯೇ ಅದು ಸೊನ್ನೆ ಎಂದಿತ್ತು! ತಪ್ಪು ಅದರದ್ದಲ್ಲ: ವೈರಸ್ ಇಲ್ಲದಿದ್ದರೆ 0, ಸಿಕ್ಕರೆ 1, ದೋಷವಾದರೆ 2 ಎಂಬ ನಿರ್ಗಮನ ಸಂಖ್ಯೆಯನ್ನು ಅದು ಕೊಡುತ್ತಲೇ ಇತ್ತು, ನನ್ನ ಸ್ಕ್ರಿಪ್ಟ್ ಮಾತ್ರ ಆ 2ನ್ನು ನೋಡದೆ ಒಂದೇ ಸಾಲನ್ನು ಹೆಕ್ಕಿ ಕಳಿಸುತ್ತಿತ್ತು. ಎಲ್ಲ ಫೈಲುಗಳನ್ನೂ ತೆರೆಯಬಲ್ಲ ರೂಟ್ ಬಳಕೆದಾರನಾಗಿ ಎಫ್‌ಡಿಪಾಸ್ ಆಯ್ಕೆಯೊಡನೆ ಓಡಿಸಿದಾಗ, ತೆರೆದ ಫೈಲನ್ನೇ ಕ್ಲ್ಯಾಮ್‌ಡಿಯ ಕೈಗೆ ಕೊಡುವುದರಿಂದ, ಅನುಮತಿಯ ಅಡ್ಡಿ ತಪ್ಪಿತು.

ಎರಡನೆಯ ಸುಳ್ಳು ಸೊನ್ನೆ ಇನ್ನೂ ಸೂಕ್ಷ್ಮವಾದದ್ದು. ಸಂರಚನೆಯ ಫೈಲಿನಲ್ಲಿ ಮ್ಯಾಕ್ಸ್‌ಫೈಲ್‌ಸೈಜ್ 25 ಎಂಬಿ ಎಂದಿತ್ತು. ಅದಕ್ಕಿಂತ ದೊಡ್ಡ ಫೈಲನ್ನು ಕ್ಲ್ಯಾಮ್‌ಡಿ ಸುಮ್ಮನೆ ದಾಟಿಸಿ ‘ಓಕೆ’ ಎಂದುಬಿಡುತ್ತದೆ. ನಮ್ಮ ಸ್ಮರಣ ಸಂಚಿಕೆಯ ಜಿಪ್‌ಗಳಾದರೋ 60 ಎಂಬಿಗೆ ಕಡಿಮೆ ಇರುವುದೇ ಅಪರೂಪ. ಆ ಮಿತಿಯನ್ನು 200 ಎಂಬಿಗೂ, ಒಂದು ಫೈಲಿನಲ್ಲಿ ಬಿಚ್ಚಿ ನೋಡುವ ಒಟ್ಟು ದತ್ತಾಂಶದ ಮಿತಿಯಾದ ಮ್ಯಾಕ್ಸ್‌ಸ್ಕ್ಯಾನ್‌ಸೈಜನ್ನು 400 ಎಂಬಿಗೂ ಏರಿಸಿದೆ. ಸಿಕ್ಕಿಬಿದ್ದವನ್ನು ಅಳಿಸದೆ ಬೇರೆ ಫೋಲ್ಡರಿಗೆ ಸರಿಸುತ್ತೇನೆ, ಏಕೆಂದರೆ ತಪ್ಪು ಗುರುತಿನಿಂದ ಗ್ರಾಹಕರ ಮೂಲಪ್ರತಿ ಅಳಿದುಹೋದರೆ ಉತ್ತರ ಕೊಡುವವನು ನಾನೇ.

ಈಗ ಸ್ಕ್ರಿಪ್ಟು ಪ್ರತಿ ರಾತ್ರಿ ಸ್ಕ್ಯಾನಿಗೆ ಮೊದಲು, ಯಾವ ಹಾನಿಯನ್ನೂ ಮಾಡದ, ಆದರೆ ಸ್ಕ್ಯಾನರುಗಳು ವೈರಸ್ ಎಂದೇ ಹಿಡಿಯುವ 68 ಬೈಟುಗಳ ಐಕಾರ್ ಪರೀಕ್ಷಾ ಫೈಲನ್ನು ಅಪ್‌ಲೋಡ್ ಫೋಲ್ಡರಿನಲ್ಲಿ ಎರಡು ಕಡೆ ಇಡುತ್ತದೆ: ಒಂದು ವೆಬ್ ಸರ್ವರಿನ ಒಡೆತನದಲ್ಲಿ 600 ಅನುಮತಿಯೊಡನೆ, ಇನ್ನೊಂದು 60 ಎಂಬಿಯ ಜಿಪ್ಪಿನೊಳಗೆ. ಬೆಳಗಿನ ಮೇಲ್‌ನಲ್ಲಿ ‘ಇನ್‌ಫೆಕ್ಟೆಡ್ ಫೈಲ್ಸ್: 2’ ಎಂದಿದ್ದರೆ ಕಾಫಿ ಕುಡಿಯಲು ಹೋಗುತ್ತೇನೆ. 3 ಎಂದಿದ್ದರೆ ಗ್ರಾಹಕರಿಗೆ ಫೋನ್ ಮಾಡುತ್ತೇನೆ. 0 ಎಂದಿದ್ದರೆ ಮೊದಲು ಸರ್ವರಿಗೆ ಲಾಗಿನ್ ಆಗುತ್ತೇನೆ.