ಪಾಯಿಂಟ್ ಬ್ರೇಕ್‌ಗೆ ಹೊರಡುವ ಮುನ್ನ: ಅಲೆ, ಗಾಳಿ, ಉಬ್ಬರದ ಮುನ್ಸೂಚನೆ ಓದುವ ಬಗೆ

ಸರ್ಫ್ ಮುನ್ಸೂಚನೆ ತೆರೆದ ಕೂಡಲೇ ಕಣ್ಣು ಹೋಗುವುದು ಅಲೆಯ ಎತ್ತರದ ಮೇಲೆ. ಪಾಯಿಂಟ್ ಬ್ರೇಕ್‌ನ, ಅಂದರೆ ಭೂಶಿರದ ಪಕ್ಕಕ್ಕೆ ಬಾಗಿ ಅಲೆ ಒಡೆಯುವ ಜಾಗದ, ಮಟ್ಟಿಗೆ ಅದು ಮೂರನೆಯದಾಗಿ ನೋಡಬೇಕಾದ ಅಂಕಿ. ಮೊದಲು ಸ್ವೆಲ್‌ನ (ದೂರದ ಬಿರುಗಾಳಿ ಎಬ್ಬಿಸಿ ಕಳಿಸಿದ ಅಲೆಗಳ) ದಿಕ್ಕು, ಆಮೇಲೆ ಪೀರಿಯಡ್ (ಎರಡು ಅಲೆಗಳ ನಡುವಿನ ಸಮಯ), ಎತ್ತರ ಅದರ ನಂತರ.

ನೇರವಾದ ಮರಳ ತೀರಕ್ಕೆ ಅಲೆ ಯಾವ ಕಡೆಯಿಂದ ಬಂದರೂ ಎಲ್ಲೋ ಒಂದು ಕಡೆ ಒಡೆಯುತ್ತದೆ. ಪಾಯಿಂಟ್‌ನಲ್ಲಿ ಹಾಗಲ್ಲ. ದೂರದ ಬಿರುಗಾಳಿ ಎಬ್ಬಿಸಿದ ಅಲೆ ಭೂಶಿರದ ತುದಿಗೆ ತಾಗಬೇಕು, ಅಲ್ಲಿಂದ ಅದರ ಪಕ್ಕಕ್ಕೆ ಬಾಗಬೇಕು, ನೀರಿನಡಿಯ ಬಂಡೆಯನ್ನೋ ಉರುಟು ಕಲ್ಲಿನ ಹಾಸನ್ನೋ ಮರಳ ದಿಬ್ಬವನ್ನೋ ಹಿಡಿದು ಕೊಲ್ಲಿಯ ಒಳಕ್ಕೆ ಸಿಪ್ಪೆ ಸುಲಿದ ಹಾಗೆ ಒಡೆಯುತ್ತಾ ಸಾಗಬೇಕು. ದಿಕ್ಕು ತಪ್ಪಿದರೆ ಮೂರು ಮೀಟರ್ ಅಲೆಯೂ ತುದಿಯ ಹೊರಗಿನಿಂದಲೇ ಹಾದುಹೋಗುತ್ತದೆ, ಒಳಗೆ ನೀರು ಕೆರೆಯಂತೆ ಮಲಗಿರುತ್ತದೆ.

ದಿಕ್ಕು: ನಿಮ್ಮ ಪಾಯಿಂಟ್‌ನ ಕಿಟಕಿ

ಮುನ್ಸೂಚನೆಯಲ್ಲಿ ಸ್ವೆಲ್ ಮತ್ತು ಗಾಳಿ ಎರಡಕ್ಕೂ ಕೊಡುವುದು ಬರುವ ದಿಕ್ಕು, ಹೋಗುವ ದಿಕ್ಕಲ್ಲ. 0 ಎಂದರೆ ಉತ್ತರ, 90 ಪೂರ್ವ, 180 ದಕ್ಷಿಣ, 270 ಪಶ್ಚಿಮ. 225° ಸ್ವೆಲ್ ಎಂದರೆ ನೈಋತ್ಯದಿಂದ ಬರುತ್ತಿರುವ ಅಲೆ. ಪರದೆಯ ಮೇಲಿನ ಬಾಣದ ಗುರುತನ್ನು ನಂಬಬೇಡಿ, ಡಿಗ್ರಿ ಓದಿ. ಒಂದು ತಾಣದಲ್ಲಿ ಬಾಣ ಬರುವ ಕಡೆಯನ್ನು ತೋರಿಸಿದರೆ ಇನ್ನೊಂದರಲ್ಲಿ ಹೋಗುವ ಕಡೆಯನ್ನು ತೋರಿಸುತ್ತದೆ.

ನಕ್ಷೆಯಲ್ಲಿ ಪಾಯಿಂಟ್‌ನ ತುದಿಯಿಂದ ತೆರೆದ ಕಡಲಿನತ್ತ ಗೆರೆಗಳನ್ನು ಎಳೆಯಿರಿ. ನೆಲ, ದ್ವೀಪ, ಇನ್ನೊಂದು ಭೂಶಿರ ಅಡ್ಡ ಬರದ ಡಿಗ್ರಿಗಳಷ್ಟೂ ನಿಮ್ಮ ಕಿಟಕಿ. ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿಯ ವಿಷಯದಲ್ಲಿ ಮಾತ್ರ ಚಪ್ಪಟೆ ನಕ್ಷೆಯ ಮೇಲಿನ ನೇರಗೆರೆ ಮೋಸ ಮಾಡುತ್ತದೆ, ಅಲೆ ಹಿಡಿಯುವುದು ಗೋಳದ ಮೇಲಿನ ಅತಿ ಹತ್ತಿರದ ದಾರಿ. ಗೋಳದ ಮೇಲೆ ದಾರ ಬಿಗಿದು ಎಳೆದರೆ ನಿಜವಾದ ದಾರಿ ಕಾಣುತ್ತದೆ.

ಕಿಟಕಿ ಎಷ್ಟು ಮುಖ್ಯ ಎನ್ನುವುದಕ್ಕೆ ಕ್ಯಾಲಿಫೋರ್ನಿಯಾದ ಒಂದೇ ಕರಾವಳಿಯ ಎರಡು ಹೆಸರಾಂತ ಬಲಗೈ (ಸವಾರ ತನ್ನ ಬಲಕ್ಕೆ ಸಾಗುವ) ಪಾಯಿಂಟ್‌ಗಳನ್ನು ನೋಡಿ. ಬೇಸಿಗೆಯಲ್ಲಿ ದಕ್ಷಿಣ ಗೋಳಾರ್ಧದಿಂದ ಬರುವ ದಕ್ಷಿಣದ ಸ್ವೆಲ್ ಮಾಲಿಬುವಿಗೆ ಜೀವ ತುಂಬುತ್ತದೆ. ಅದೇ ಸ್ವೆಲ್‌ಗೆ ರಿಂಕಾನ್ ಎದುರು ಚಾನೆಲ್ ದ್ವೀಪಗಳು ಅಡ್ಡ ನಿಲ್ಲುತ್ತವೆ. ರಿಂಕಾನ್ ಏಳುವುದು ಚಳಿಗಾಲದಲ್ಲಿ, ಪಶ್ಚಿಮದ ಸ್ವೆಲ್ ಬಂದಾಗ. ಎತ್ತರ ಒಂದೇ, ಊರುಗಳ ನಡುವಿನ ದೂರವೂ ಹೆಚ್ಚಲ್ಲ, ಫಲ ಮಾತ್ರ ಬೇರೆಬೇರೆ.

ಪೀರಿಯಡ್: ಅಸಲಿ ಶಕ್ತಿ ಇರುವುದು ಇಲ್ಲಿ

ಒಂದು ಅಲೆಯ ನೆತ್ತಿ ಹಾದುಹೋಗಿ ಮುಂದಿನದರ ನೆತ್ತಿ ಬರುವವರೆಗಿನ ಸೆಕೆಂಡುಗಳೇ ಪೀರಿಯಡ್. ಅದನ್ನು ಅದರಿಂದಲೇ ಗುಣಿಸಿ 1.56ರಿಂದ ಮತ್ತೆ ಗುಣಿಸಿದರೆ ಆಳದ ಕಡಲಲ್ಲಿ ಅಲೆಯ ಉದ್ದ ಮೀಟರ್‌ಗಳಲ್ಲಿ ಸಿಗುತ್ತದೆ. 10 ಸೆಕೆಂಡಿಗೆ 156 ಮೀಟರ್, 16 ಸೆಕೆಂಡಿಗೆ ಸುಮಾರು 400 ಮೀಟರ್. ಉದ್ದದ ಅರ್ಧದಷ್ಟು ಆಳಕ್ಕೆ ಬಂದಾಗ ಅಲೆಗೆ ತಳ ತಾಗತೊಡಗುತ್ತದೆ. ಅಂದರೆ 10 ಸೆಕೆಂಡಿನ ಅಲೆ 78 ಮೀಟರ್ ಆಳದಲ್ಲಿ ಬಾಗಲು ಶುರುಮಾಡಿದರೆ 16 ಸೆಕೆಂಡಿನದು 200 ಮೀಟರ್ ಆಳದಲ್ಲೇ ಶುರುಮಾಡಿರುತ್ತದೆ. ಭೂಶಿರವನ್ನು ಸುತ್ತಿಕೊಂಡು ಕೊಲ್ಲಿಯೊಳಗೆ ಬರುವ ಅಲೆ ಬೇಕೆಂದರೆ ಪೀರಿಯಡ್ ಉದ್ದ ಇರಲೇಬೇಕು ಎನ್ನುವುದು ಇದಕ್ಕೇ. ಎಷ್ಟೋ ಪಾಯಿಂಟ್‌ಗಳು 9–10 ಸೆಕೆಂಡಿನಲ್ಲಿ ತುಂಡುತುಂಡಾಗಿ ಒಡೆದು, 13–14 ದಾಟಿದ ಮೇಲೆ ಒಂದೇ ಉದ್ದ ಗೋಡೆಯಾಗಿ ಜೋಡಿಕೊಳ್ಳುತ್ತವೆ.

ಎತ್ತರವನ್ನು ಪೀರಿಯಡ್ ಜೊತೆಗೇ ಓದಬೇಕು. ಅಲೆ ಹೊತ್ತು ತರುವ ಶಕ್ತಿಯನ್ನು ಹೋಲಿಸಲು ಎತ್ತರದ ವರ್ಗವನ್ನು ಪೀರಿಯಡ್‌ನಿಂದ ಗುಣಿಸಿ. 2 ಮೀಟರ್, 8 ಸೆಕೆಂಡಿಗೆ 32 ಬರುತ್ತದೆ. 1.5 ಮೀಟರ್, 16 ಸೆಕೆಂಡಿಗೆ 36. ಪುಟದಲ್ಲಿ ಸಣ್ಣದಾಗಿ ಕಾಣುವ ಎರಡನೆಯದೇ ಬಲವಾದದ್ದು. ತೀರದ ಬಳಿ ಉದ್ದ ಪೀರಿಯಡ್‌ನ ಅಲೆ ಮೇಲೇಳುವುದೂ ಜಾಸ್ತಿ. ಅದೇ 1.5 ಮೀಟರ್ ಸ್ವೆಲ್ ನೇರ ತೀರದಲ್ಲಿ 8 ಸೆಕೆಂಡಿಗೆ ಸುಮಾರು 2 ಮೀಟರ್ ಆಗಿ ಒಡೆದರೆ, 16 ಸೆಕೆಂಡಿಗೆ ಸುಮಾರು 2.6 ಮೀಟರ್ ಆಗಿ ಒಡೆಯುತ್ತದೆ. ಪಾಯಿಂಟ್‌ನ ತುದಿಯಲ್ಲಿ ಶಕ್ತಿ ಒಟ್ಟುಗೂಡುವುದರಿಂದ ಅಲೆ ಇನ್ನೂ ದೊಡ್ಡದಾಗಬಹುದು, ಒಳಗೊಳಗೆ ಬಾಗಿ ಹೋದಂತೆ ಶಕ್ತಿ ಹರಡಿ ಚಿಕ್ಕದಾಗುತ್ತದೆ. ಹೊಸಬರು ಒಳಗಿನ ಭಾಗದಲ್ಲಿ ಕಲಿಯುವುದೂ ನುರಿತವರು ತುದಿಯಲ್ಲಿ ಕಾಯುವುದೂ ಈ ಕಾರಣಕ್ಕೇ.

ಎತ್ತರದ ಅಂಕಿಯ ವಿಷಯದಲ್ಲಿ ಇನ್ನೆರಡು ಎಚ್ಚರಿಕೆ. ಮುನ್ಸೂಚನೆ ಕೊಡುವುದು ಅಲೆಗಳ ಪೈಕಿ ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿ ಎತ್ತರವನ್ನು. ಕೆಲವು ಗಂಟೆಗಳಲ್ಲಿ ಬರುವ ಅತಿದೊಡ್ಡ ಅಲೆ ಅದರ ಹೆಚ್ಚುಕಡಿಮೆ ಎರಡರಷ್ಟಿರಬಹುದು. ಎರಡನೆಯದು, ಬೇರೆಬೇರೆ ಸ್ವೆಲ್‌ಗಳನ್ನು ಒಟ್ಟು ಸೇರಿಸಿ ತೋರಿಸುವ ಅಂಕಿ. 1.2 ಮೀಟರ್, 14 ಸೆಕೆಂಡಿನ ಒಳ್ಳೆಯ ಸ್ವೆಲ್ ಜೊತೆಗೆ 1 ಮೀಟರ್, 7 ಸೆಕೆಂಡಿನ ಸ್ಥಳೀಯ ಗಾಳಿಯಲೆ ಇದ್ದರೆ ಒಟ್ಟು ಎತ್ತರ 1.6 ಮೀಟರ್ ಎಂದು ಬರುತ್ತದೆ. ಅಂಕಿ ಚೆಂದ, ನೀರು ಕಲಸುಮೇಲೋಗರ. ಸ್ವೆಲ್‌ಗಳನ್ನು ಬಿಡಿಸಿ ತೋರಿಸುವ ಸಾಲನ್ನೇ ನೋಡಿ.

ಅಲೆ ಯಾವಾಗ ತಲುಪುತ್ತದೆ

ಆಳದ ಕಡಲಲ್ಲಿ ಸ್ವೆಲ್ ಸಾಗುವ ವೇಗ ನಾಟ್‌ಗಳಲ್ಲಿ (ಗಂಟೆಗೆ ಎಷ್ಟು ಕಡಲಮೈಲಿ ಎಂಬ ಅಳತೆಯಲ್ಲಿ) ಪೀರಿಯಡ್‌ನ ಒಂದೂವರೆಯಷ್ಟು. ಗಂಟೆಗೆ ಕಿಲೋಮೀಟರ್ ಬೇಕೆಂದರೆ ಪೀರಿಯಡ್ ಅನ್ನು 2.8ರಿಂದ ಗುಣಿಸಿ. ಬಿರುಗಾಳಿ 2,400 ಕಿಲೋಮೀಟರ್ ದೂರದಲ್ಲಿದೆ ಎಂದುಕೊಳ್ಳಿ. 20 ಸೆಕೆಂಡಿನ ಅಲೆ ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ 43 ಗಂಟೆಗೆ ತಲುಪುತ್ತದೆ, 16 ಸೆಕೆಂಡಿನದು 54 ಗಂಟೆಗೆ, 12 ಸೆಕೆಂಡಿನದು 71 ಗಂಟೆಗೆ. ಹೀಗಾಗಿ ಮೊದಲು ಬರುವುದು ಎತ್ತರ ಕಡಿಮೆಯಿದ್ದು ಪೀರಿಯಡ್ ತುಂಬಾ ಉದ್ದವಿರುವ ಮುಂಗಡ ಅಲೆಗಳು. ಇವೇ ಅಪಾಯಕಾರಿ. ಎತ್ತರ 0.6 ಮೀಟರ್ ಎಂದಿರುತ್ತದೆ, ದೀರ್ಘ ಬಿಡುವು ಇರುತ್ತದೆ, ಕಡಲು ಸುಮ್ಮನಿದೆ ಎಂದುಕೊಂಡು ಜನ ಬಂಡೆಯಿಂದ ನೀರಿಗಿಳಿಯುತ್ತಾರೆ. ಅಷ್ಟರಲ್ಲಿ ಸೆಟ್, ಅಂದರೆ ಒಂದರ ಹಿಂದೊಂದು ಬರುವ ದೊಡ್ಡ ಅಲೆಗಳ ಗುಂಪು, ಬಂದು ಬಂಡೆಯನ್ನೇ ಮುಚ್ಚುತ್ತದೆ. 18 ಸೆಕೆಂಡಿಗಿಂತ ಉದ್ದದ ಪೀರಿಯಡ್ ಕಂಡರೆ ಎತ್ತರ ಎಷ್ಟೇ ಚಿಕ್ಕದಿರಲಿ, ದಡದಲ್ಲಿ ನಿಂತು ನೋಡುವ ಸಮಯವನ್ನು ಎರಡರಷ್ಟು ಮಾಡಿ.

ಕಡಲಲ್ಲಿ ಲಂಗರು ಹಾಕಿ ತೇಲಿಸಿರುವ ಅಳತೆಯಂತ್ರ ನಿಮ್ಮ ಪಾಯಿಂಟ್‌ಗಿಂತ ಮುಂಚೆ, ಅಲೆ ಬರುವ ದಾರಿಯಲ್ಲಿದ್ದರೆ ಅದು ವರದಾನ. ಮುನ್ಸೂಚನೆ ಲೆಕ್ಕಾಚಾರ, ಇದು ನಿಜವಾದ ಅಳತೆ. ಯಂತ್ರದಿಂದ ಪಾಯಿಂಟ್‌ವರೆಗಿನ ದೂರವನ್ನು ಮೇಲಿನ ವೇಗದಿಂದ ಭಾಗಿಸಿ, ಎಷ್ಟು ಗಂಟೆ ಮುಂಚಿತ ಸೂಚನೆ ಸಿಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಲೆಕ್ಕ ಹಾಕುವ ಮಾದರಿ ಭೂಶಿರದ ಸಣ್ಣ ತಿರುವುಗಳನ್ನು ಕಾಣುವಷ್ಟು ಸೂಕ್ಷ್ಮವಾಗಿರುವುದಿಲ್ಲ ಎನ್ನುವುದೂ ನೆನಪಿರಲಿ. ಐದು ದಿನಕ್ಕಿಂತ ಆಚೆಯ ಅಂಕಿಯನ್ನು ಸುಳಿವು ಎಂದಷ್ಟೇ ಇಟ್ಟುಕೊಂಡು, ಎರಡು ದಿನ ಸತತವಾಗಿ ಅದೇ ಮಾತು ಬಂದರೆ ರಜೆ ಹಾಕುವ ಯೋಚನೆ ಮಾಡಿ. ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇದೆಯೋ ಸ್ಥಳೀಯ ಗಡಿಯಾರದಲ್ಲಿದೆಯೋ ಎಂದು ಪ್ರತಿ ಸಲ ಪರೀಕ್ಷಿಸಿ, ಒಳ್ಳೆಯ ಗಾಳಿಯ ಹೊತ್ತು ತಪ್ಪಿಹೋಗುವುದು ಹೆಚ್ಚಾಗಿ ಈ ಎಡವಟ್ಟಿನಿಂದಲೇ.

ಗಾಳಿ

ಪಾಯಿಂಟ್‌ನ ಒಡೆಯುವ ಭಾಗ ಯಾವ ದಿಕ್ಕಿಗೆ ಮುಖ ಮಾಡಿದೆ ನೋಡಿ. ಆಗ್ನೇಯಕ್ಕೆ, ಅಂದರೆ 135°ಗೆ ಇದ್ದರೆ ಅದರ ನೇರ ಎದುರಿನ 315° ನಿಮ್ಮ ಆಫ್‌ಶೋರ್ ಗಾಳಿ, ನೆಲದಿಂದ ಕಡಲಿಗೆ ಬೀಸುವಂಥದ್ದು. ಎರಡೂ ಕಡೆ 45 ಡಿಗ್ರಿಯವರೆಗೆ ಅಡ್ಡಿಯಿಲ್ಲ. ದಕ್ಷಿಣ ಆಫ್ರಿಕಾದ ಜೆಫ್ರೀಸ್ ಬೇ ಅಷ್ಟು ಹೆಸರು ಮಾಡಿರುವುದರಲ್ಲಿ ಈ ಹೊಂದಾಣಿಕೆಯ ಪಾಲು ದೊಡ್ಡದು. ಅಲ್ಲಿಗೆ ಚಳಿಗಾಲದಲ್ಲಿ ನೈಋತ್ಯದ ಸ್ವೆಲ್ ಕಳಿಸುವ ಹವೆಯೇ ಪಶ್ಚಿಮದ ಕಡೆಯ ಗಾಳಿಯನ್ನೂ ತರುತ್ತದೆ, ಆ ಗಾಳಿ ಅಲ್ಲಿ ನೆಲದ ಕಡೆಯಿಂದ ಬೀಸುತ್ತದೆ.

5 ನಾಟ್‌ಗಿಂತ ಕಡಿಮೆ ಗಾಳಿ ಯಾವ ಕಡೆಯಿಂದ ಬಂದರೂ ನೀರು ನಯವಾಗಿರುತ್ತದೆ. 7 ದಾಟಿದಾಗ ದೂರದಲ್ಲಿ ಅಲ್ಲೊಂದು ಇಲ್ಲೊಂದು ಬಿಳಿನೊರೆ ಕಾಣುತ್ತದೆ, 11ರಿಂದ 16ರ ನಡುವೆ ಕಡಲ ತುಂಬ ಕಾಣುತ್ತದೆ. ಕಡಲಿನಿಂದ ಬೀಸುವ 15 ನಾಟ್ ಗಾಳಿ ಅಲೆಯ ನೆತ್ತಿಯನ್ನು ಬೇಗನೆ ಬೀಳಿಸಿ ಗೋಡೆಯನ್ನು ಮುರಿಯುತ್ತದೆ. ಆಫ್‌ಶೋರ್ ಗಾಳಿಯೂ 20 ದಾಟಿದರೆ ತೊಂದರೆಯೇ: ಅಲೆ ನಿಂತೇ ಇರುತ್ತದೆ, ತುಂತುರು ಕಣ್ಣಿಗೆ ಹೊಡೆಯುತ್ತದೆ, ಬೋರ್ಡಿನ ಮೂತಿ ಮೇಲೆದ್ದು ಅಲೆಗೆ ಇಳಿಯಲು ಬಿಡುವುದಿಲ್ಲ. ಅಂಥ ದಿನ ಇನ್ನೆರಡು ಕೈ ಜಾಸ್ತಿ ಹಾಕಿ (ಕೈಯಿಂದ ನೀರು ತಳ್ಳಿ), ಎದೆಯನ್ನು ಮುಂದಕ್ಕೆ ಒತ್ತಿ ಇಳಿಯಬೇಕು. ಪಾಯಿಂಟ್ ಬಾಗಿರುವುದರಿಂದ ತುದಿಯಲ್ಲಿ ಅಡ್ಡ ಹೊಡೆಯುವ ಗಾಳಿ ಒಳಗೆ ಆಫ್‌ಶೋರ್ ಆಗಬಹುದು. ತುದಿ ಕೆಟ್ಟಿದೆ ಎಂದು ಮನೆಗೆ ಮರಳುವ ಮುನ್ನ ಒಳಗಿನ ಭಾಗದವರೆಗೆ ನಡೆದು ನೋಡಿ.

ಬಿಸಿಲಿನ ದಿನಗಳಲ್ಲಿ ಮುಂಜಾನೆ ನೆಲಗಾಳಿ, ನೆಲ ಕಾದ ಮೇಲೆ ಕಡಲಗಾಳಿ. ಬೆಳಕು ಹರಿಯುವಾಗಲೇ ನೀರಲ್ಲಿರಬೇಕು ಎನ್ನುವುದು ಇದಕ್ಕೆ.

ಉಬ್ಬರ ಇಳಿತ

ಅಲೆ ಒಡೆಯುವುದು ಅದರ ಎತ್ತರದ 1.3ರಷ್ಟು ಆಳದಲ್ಲಿ. 2 ಮೀಟರ್ ಅಲೆಗೆ 2.6 ಮೀಟರ್ ನೀರು. ಉಬ್ಬರ ಒಂದು ಮೀಟರ್ ಏರಿದರೆ ಒಡೆಯುವ ಜಾಗವೇ ದಡದತ್ತ ಸರಿಯುತ್ತದೆ. ತುಂಬಿದ ಉಬ್ಬರದಲ್ಲಿ ಅಲೆ ದಪ್ಪಗಾಗಿ ಒಡೆಯಲು ತಡಮಾಡುತ್ತದೆ, ಬಂಡೆಗೆ ಬಡಿದ ನೀರು ವಾಪಸು ಬಂದು ಗೋಡೆಯನ್ನು ಉಬ್ಬುತಗ್ಗಾಗಿಸುತ್ತದೆ. ಪೂರ್ತಿ ಇಳಿತದಲ್ಲಿ ಅಲೆ ಟೊಳ್ಳಾಗಿ ಚುರುಕಾಗುತ್ತದೆ, ಬಂಡೆ ಹತ್ತಿರವಾಗುತ್ತದೆ.

ದಿನಕ್ಕೆರಡು ಉಬ್ಬರವಿರುವ ಕಡೆ ಹನ್ನೆರಡರ ಲೆಕ್ಕ ಕೆಲಸಕ್ಕೆ ಬರುತ್ತದೆ. ಆರು ಗಂಟೆಗಳ ಏರಿಕೆಯನ್ನು ಹನ್ನೆರಡು ಪಾಲು ಮಾಡಿ, ಗಂಟೆಗೊಂದರಂತೆ 1, 2, 3, 3, 2, 1 ಪಾಲು ಹಂಚಿ. ಒಟ್ಟು ಏರಿಕೆ 2.4 ಮೀಟರ್ ಇದ್ದರೆ ಮೊದಲ ಗಂಟೆಗೆ 20 ಸೆಂಟಿಮೀಟರ್ ಮಾತ್ರ, ಮೂರನೆಯ ಮತ್ತು ನಾಲ್ಕನೆಯ ಗಂಟೆಗೆ ತಲಾ 60. ನಿಮಗೆ ಒಗ್ಗುವ ನೀರಿನ ಮಟ್ಟ ನಡುವಿನದಾದರೆ ಅದು ಒಂದು ಗಂಟೆಯಲ್ಲೇ ಕೈತಪ್ಪಿ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಈ ಏರಿಳಿತ ಇನ್ನೂ ದೊಡ್ಡದು. ದಿನದಿಂದ ದಿನಕ್ಕೆ ಉಬ್ಬರ ಸುಮಾರು 50 ನಿಮಿಷ ತಡವಾಗುತ್ತದೆ, ನಿನ್ನೆಯ ಸಮಯ ಇವತ್ತಿಗೆ ನಡೆಯದು.

ತಳ ಮರಳಿನದಾದರೆ ಇನ್ನೊಂದು ವಿಷಯ. ಆಸ್ಟ್ರೇಲಿಯಾದ ಸ್ನ್ಯಾಪರ್ ರಾಕ್ಸ್‌ನ ಉದ್ದ ಅಲೆಗೆ ಟ್ವೀಡ್ ನದಿಯ ಬಾಯಿಂದ ಪಂಪ್ ಮಾಡಿ ಹಾಕುವ ಮರಳೂ ಆಧಾರ. ಇಂಥ ಪಾಯಿಂಟ್‌ಗಳಲ್ಲಿ ಒಂದು ದೊಡ್ಡ ಬಿರುಗಾಳಿ ದಿಬ್ಬವನ್ನು ಕೊಚ್ಚಿಕೊಂಡು ಹೋಗಬಹುದು. ಕಳೆದ ತಿಂಗಳ ಅನುಭವವನ್ನು ಮತ್ತೆ ಪರೀಕ್ಷಿಸಬೇಕು.

ದಡದಲ್ಲಿ ಇಪ್ಪತ್ತು ನಿಮಿಷ

ಬೋರ್ಡ್ ಕೆಳಗಿಟ್ಟು ಕನಿಷ್ಠ 20 ನಿಮಿಷ ನೋಡಿ. ನೀರಿನಿಂದ ಮೇಲೆ ಕಾಣುವ ಒಂದು ಬಂಡೆಯನ್ನು ಗುರುತು ಹಿಡಿದು, ಸೆಟ್ ಬಂದಾಗ 11 ನೆತ್ತಿಗಳು ಹಾದುಹೋಗುವ ಸಮಯವನ್ನು ಅಳೆದು 10ರಿಂದ ಭಾಗಿಸಿ. ಅದು ಮುನ್ಸೂಚನೆಯ ಪೀರಿಯಡ್‌ಗಿಂತ ಬಹಳ ಕಡಿಮೆ ಬಂದರೆ ನೀವು ನೋಡುತ್ತಿರುವುದು ಬೇರೆಯೇ ಸ್ವೆಲ್, ನಿರೀಕ್ಷಿಸಿದ್ದು ಇನ್ನೂ ಬಂದಿಲ್ಲ. ಸೆಟ್‌ನಲ್ಲಿ ಎಷ್ಟು ಅಲೆ, ಎರಡು ಸೆಟ್‌ಗಳ ನಡುವೆ ಎಷ್ಟು ನಿಮಿಷ ಎಣಿಸಿ.

ಆಮೇಲೆ ಸೆಳೆತ. ಪಾಯಿಂಟ್‌ನಲ್ಲಿ ನೀರು ತುದಿಯಿಂದ ಕೊಲ್ಲಿಯೊಳಕ್ಕೆ ಬಂಡೆಗುಂಟ ಹರಿಯುತ್ತದೆ. ಕಾಯುತ್ತಾ ಕುಳಿತ ಒಬ್ಬರನ್ನು ಐದು ನಿಮಿಷ ನೋಡಿ. ಅವರು ಒಂದೇ ಸಮನೆ ಕೈ ಹಾಕುತ್ತಿದ್ದರೂ ಇದ್ದಲ್ಲೇ ಇದ್ದರೆ, ನೀವು ನೀರಿಗಿಳಿಯುವ ಜಾಗವನ್ನು ಮೇಲಕ್ಕೆ, ತುದಿಯ ಕಡೆಗೆ ಇಟ್ಟುಕೊಳ್ಳಬೇಕು. ಪೆರುವಿನ ಚಿಕಾಮಾದಂಥ ಉದ್ದ ಎಡಗೈ ಅಲೆಯಲ್ಲಿ ಸೆಳೆತ ಜೋರಿದ್ದಾಗ ಕೈಹಾಕಿ ಹಿಂದಿರುಗುವುದಕ್ಕಿಂತ ದಡ ಹತ್ತಿ ನಡೆದು ಬರುವುದೇ ಸುಲಭ.

ಬಂಡೆಯಿಂದ ಇಳಿಯುವುದಾದರೆ ಲೀಷ್ (ಬೋರ್ಡಿಗೆ ಜೋಡಿಸಿದ ಹಗ್ಗ) ಅನ್ನು ಮೊದಲೇ ಕಾಲಿಗೆ ಕಟ್ಟಿ, ಉಳಿದ ಉದ್ದವನ್ನು ಕೈಯಲ್ಲಿ ಸುರುಳಿ ಹಿಡಿಯಿರಿ, ಬಂಡೆಯ ಸಂದಿಗೆ ಸಿಕ್ಕಿಹಾಕಿಕೊಳ್ಳುವುದು ಅದೇ. ಸೆಟ್‌ನ ಕೊನೆಯ ಅಲೆ ಹೋದ ಮೇಲೆ, ನೀರು ಉಕ್ಕಿ ಬಂಡೆಯನ್ನು ಮುಚ್ಚಿದ ಕ್ಷಣದಲ್ಲಿ ಬೋರ್ಡಿನ ಮೇಲೆ ಚಪ್ಪಟೆಯಾಗಿ ಬಿದ್ದು, ಇಳಿಯುವ ನೀರಿನ ಜೊತೆಗೇ ಹೊರಹೋಗಿ. ನೀರು ಇಳಿದು ಬಂಡೆ ಬರಿದಾದಾಗ ಹಾರಿದರೆ ಬೋರ್ಡಿನ ಅಡಿಯ ಫಿನ್ (ರೆಕ್ಕೆ) ಮುರಿಯುತ್ತದೆ, ಮೊಣಕಾಲು ಸೀಳುತ್ತದೆ. ಹೊರಬರುವ ಜಾಗವನ್ನು ಇಳಿಯುವ ಮುಂಚೆಯೇ ಗೊತ್ತುಮಾಡಿ, ಎರಡು ಗಂಟೆಯ ನಂತರ ಅಲ್ಲಿ ಉಬ್ಬರ ಎಷ್ಟಿರುತ್ತದೆ ಎಂದೂ ಲೆಕ್ಕ ಹಾಕಿ.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ನೀರಿನಿಂದ ಹೊರಬನ್ನಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಜೋರು ಮಳೆಯಾದ ಮೇಲೆ ನದಿ ಅಥವಾ ಚರಂಡಿ ಸೇರುವ ಪಾಯಿಂಟ್‌ನಲ್ಲಿ ಮೂರು ದಿನ ಇಳಿಯದಿರುವುದು ಒಳ್ಳೆಯದು. ಜನಪ್ರಿಯ ಪಾಯಿಂಟ್‌ಗಳಲ್ಲಿ ಅಲೆ ಒಡೆಯತೊಡಗುವ ಜಾಗಕ್ಕೆ ಅತಿ ಹತ್ತಿರ ಇರುವವರದ್ದೇ ಅಲೆ. ಅವರು ಎದ್ದು ನಿಂತ ಮೇಲೆ ಮುಂದಿನಿಂದ ನುಗ್ಗಬೇಡಿ, ಒಂದೇ ದಾರಿಯಲ್ಲಿ ಎಲ್ಲರೂ ಸಾಗುವ ಕಡೆ ಇದರಿಂದಲೇ ತಲೆ ಒಡೆಯುತ್ತದೆ.

ಮನೆಗೆ ಬಂದ ಮೇಲೆ ಒಂದು ಸಾಲು ಬರೆದಿಡಿ. ಉದಾಹರಣೆಗೆ: «ಬೆಳಿಗ್ಗೆ 6:30, 1.4 ಮೀ, 14 ಸೆ, 215°, ಗಾಳಿ 6 ನಾಟ್ 300°, ಉಬ್ಬರ 0.9 ಏರುತ್ತಿದೆ, ತುದಿಯಿಂದ ಎರಡನೇ ಬಂಡೆವರೆಗೆ ಜೋಡಿಕೊಂಡಿತ್ತು, 8ಕ್ಕೆ ದಪ್ಪಗಾಯಿತು». ಅಲೆ ಬರದೆ ನಿರಾಸೆಯಾದ ದಿನವನ್ನೂ ಇದೇ ರೀತಿ ಬರೆಯಿರಿ. ಕಿಟಕಿಯ ಅಂಚು ಎಷ್ಟು ಡಿಗ್ರಿಗೆ ಮುಗಿಯುತ್ತದೆ ಎಂದು ಗೊತ್ತಾಗುವುದು ಆ ಸಾಲುಗಳಿಂದಲೇ.