ಮಗು ಬಾಯಿಬಿಟ್ಟಾಗ: ಶಾಲೆಯ ಆಪ್ತಸಮಾಲೋಚಕಿಯ ಅನುಭವ

ಮಗು ಲೈಂಗಿಕ ದೌರ್ಜನ್ಯದ ಮಾತೆತ್ತಿದಾಗ ನನಗೆ ತಿಳಿಯಬೇಕಾದದ್ದು ಸ್ವಲ್ಪವೇ: ಏನಾಯ್ತು, ಯಾರು, ಇವತ್ತು ಮನೆಗೆ ಹೋದರೆ ಆ ವ್ಯಕ್ತಿ ಮತ್ತೆ ಎದುರಾಗುತ್ತಾನಾ. ಉಳಿದದ್ದನ್ನು ಕೆದಕುವುದಿಲ್ಲ. ಪೊಲೀಸರು, ವೈದ್ಯರು, ಮ್ಯಾಜಿಸ್ಟ್ರೇಟ್, ಆಮೇಲೆ ಕೋರ್ಟು, ಇಷ್ಟು ಕಡೆ ಅದನ್ನೇ ಮತ್ತೆ ಹೇಳಬೇಕಾದ ಮಗು ಅದು.

"ಏನಾಯ್ತು ಹೇಳು ಪುಟ್ಟಾ", "ಆಮೇಲೆ?" ಇಷ್ಟೇ ನನ್ನ ಪ್ರಶ್ನೆಗಳು. ಅಮೆರಿಕದ ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಸಿಎಚ್‌ಡಿಯ ಸಂಶೋಧಕರು ರೂಪಿಸಿದ ಸಂದರ್ಶನ ಕ್ರಮದ ತಿರುಳೂ ಇದೇ. ಹೀಗೆ ಕೇಳಿದರೆ ಮಗು ನೆನಪಿನಿಂದ ಹೇಳುತ್ತದೆ. "ಮಾವ ಅಲ್ಲಿ ಮುಟ್ಟಿದ್ನಾ?" ಎಂದರೆ ಉತ್ತರವನ್ನು ನಾವೇ ಬಾಯಿಗೆ ಇಟ್ಟಂತೆ. "ಮೊದಲೇ ಯಾಕೆ ಹೇಳ್ಲಿಲ್ಲ?" ಎಂದಂತೂ ಯಾರೂ ಕೇಳಬಾರದು; ಮಗುವಿಗೆ ಅದು ಬೈಗುಳವೇ.

ಹೆಚ್ಚು ಎಡವಟ್ಟಾಗುವುದು "ಎಷ್ಟು ಸಲ?" ಎಂದಾಗ. ಏಳು ವರ್ಷದ ಮಗು ಏನೋ ಒಂದು ಸಂಖ್ಯೆ ಹೇಳಿಬಿಡುತ್ತದೆ: ಇಲ್ಲಿ ಐದು, ಠಾಣೆಯಲ್ಲಿ ಹತ್ತು. ಪಾಟೀಸವಾಲಿನಲ್ಲಿ ವಕೀಲರು ಹಿಡಿದುಕೊಳ್ಳುವುದು ಅದನ್ನೇ. "ಒಂದೇ ಸಲಾನಾ, ಜಾಸ್ತಿ ಸಲಾನಾ?" ಎಂದರೆ ಸಾಕು. ತಾರೀಖೂ ಬೇಡ. ಗೌರಿ ಹಬ್ಬ ಆದಮೇಲೆ, ಬಿಸಿಯೂಟಕ್ಕೆ ಮುಂಚೆ ಎಂದು ತಾನಾಗಿ ಹೇಳಿದರೆ ಬರೆದುಕೊಳ್ಳುತ್ತೇನೆ.

ಬರೆಯುವುದು ಮಗುವಿನ ಮಾತಲ್ಲೇ. "ಸೂಸೂ ಜಾಗ" ಎಂದದ್ದನ್ನು "ಜನನಾಂಗ" ಎಂದು ತಿದ್ದಿದರೆ ಯಾರೋ ಹೇಳಿಕೊಟ್ಟಂತೆ ಕಾಣುತ್ತದೆ. ನಾನು ಕೇಳಿದ ಪ್ರಶ್ನೆ, ಹೊತ್ತು, ಸಹಿ ಅದರಲ್ಲೇ ಇರಬೇಕು. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವುದಿಲ್ಲ. ಸ್ಟಾಫ್ ಗ್ರೂಪಿಗೆ ಹೋಗಲು ಎಷ್ಟು ಹೊತ್ತು ಬೇಕು! "ಯಾರಿಗೂ ಹೇಳಲ್ಲ" ಎಂದು ಮಾತೂ ಕೊಡುವುದಿಲ್ಲ.

ಹೆಡ್‌ಮಾಸ್ಟರಿಗೆ ತಿಳಿಸಿದರೆ ಮುಗಿಯಿತು ಎಂದುಕೊಂಡ ಶಿಕ್ಷಕರು ಬಹಳ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ದೂರು ಸ್ಥಳೀಯ ಠಾಣೆಗೋ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೋ ಹೋಗಬೇಕು. ಸುಮ್ಮನಿದ್ದವರಿಗೆ 6 ತಿಂಗಳವರೆಗೆ ಜೈಲು. ಕೈಕೆಳಗಿನವರ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಮಗುವಿನ ಜೊತೆಗಿರಲು ಸಮಿತಿ ಬೆಂಬಲ ವ್ಯಕ್ತಿಯನ್ನು ಕೊಡಬಹುದು, ಕೇಳಿ ಪಡೆಯಿರಿ.

ಘಟನೆ ಇತ್ತೀಚಿನದಾದರೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಬಟ್ಟೆಯನ್ನು ಕಾಗದದ ಕವರಿನಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಕುರುಹು ಹಾಳಾಗುತ್ತದೆ. ಎಚ್‌ಐವಿ ತಡೆಯುವ ಔಷಧ ಬೇಕೆಂದು ವೈದ್ಯರು ಹೇಳಿದರೆ ಅದು 72 ಗಂಟೆಯೊಳಗೆ ಶುರುವಾಗಬೇಕು. ಹಾಗಾಗಿ ಎಫ್‌ಐಆರ್‌ಗೆ ಕಾಯುತ್ತ ಕೂರಬೇಡಿ. ಅದಿಲ್ಲದೆಯೂ ವೈದ್ಯಕೀಯ ತಪಾಸಣೆಗೆ ಪೋಕ್ಸೊ ಕಾಯ್ದೆಯ 27ನೇ ಸೆಕ್ಷನ್‌ನಲ್ಲಿ ಅವಕಾಶವಿದೆ.